ಕಿಟ್ಕಿ ಮುಚ್ಲಾ ಸಾ?

ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿ ‘ಒಂದು ಭಾರತೀನಗರ’ ಎಂದರೆ ಕಂಡಕ್ಟರು ‘ದೊಡ್ಡೀನಾ?’ ಎಂದು ಖಾತ್ರಿ ಮಾಡಿಕೊಂಡೇ ಟಿಕೆಟ್ ಕೊಡುತ್ತಾನೆ. ಕಾಗದದಲ್ಲಿ ಭಾರತೀನಗರ, ಜನರ ಬಾಯಲ್ಲಿ ಕೆ.ಎಂ. ದೊಡ್ಡಿ. ಜಿ. ಮಾದೇಗೌಡರು ಕಟ್ಟಿದ ಭಾರತೀ ವಿದ್ಯಾಸಂಸ್ಥೆಯ ದೆಸೆಯಿಂದ ಸುತ್ತಲ ಹಳ್ಳಿಗಳ ಮಕ್ಕಳು ಓದಲು ಬರುವ ಊರು. ಸಕ್ಕರೆ ಕಾರ್ಖಾನೆಯ ದೆಸೆಯಿಂದ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟುವ ಊರು. ಶಾಲೆ ಬಾಗಿಲು ತೆಗೆಯುವುದೂ ಕಬ್ಬು ಅರೆಯುವುದು ಶುರುವಾಗುವುದೂ ಹೆಚ್ಚುಕಮ್ಮಿ ಒಂದೇ ಹಂಗಾಮಿನಲ್ಲಿ. ಹಾಗಾಗಿ ಸ್ಕೂಲ್ ಬ್ಯಾಗಿನ ಮಕ್ಕಳೂ ಕಬ್ಬಿನ ಹೊರೆಯೂ ಒಂದೇ ರಸ್ತೆಯಲ್ಲಿ ಒತ್ತರಿಸಿಕೊಂಡು ಹೋಗುತ್ತವೆ. ಊರು ಬರುವ ಮೊದಲೇ ಬಸ್ಸಿನ ಕಿಟಕಿಯಿಂದ ಊರಿನ ವಾಸನೆ ಬಂದಿರುತ್ತದೆ. ಮೊದಲು ಹೊಗೆ, ಆಮೇಲೆ ಕುದಿಯುವ ಹಾಲಿನ ಸಿಹಿ. ಇಲ್ಲಿ ಹಾಲೆಂದರೆ ಕಬ್ಬಿನ ಹಾಲು.

ಈ ರಸ್ತೆಯಿಂದ ತುಸು ಒಳಗೆ ಸರಿದ ಒಂದು ಹೈಸ್ಕೂಲಿನಲ್ಲಿ ನಾನು ಎರಡು ವರ್ಷ ಅತಿಥಿ ಶಿಕ್ಷಕನಾಗಿದ್ದೆ. ಶಾಲೆಯ ಹೆಸರು ಬೇಡ. ಅದರಂಥವು ತಾಲ್ಲೂಕಿನ ತುಂಬ ಇವೆ. ಒಂಬತ್ತನೇ ತರಗತಿಯ ಕೊಠಡಿಯಲ್ಲಿ ಕಿಟಕಿ ಪಕ್ಕದ ಬೆಂಚಿನ ಹುಡುಗನೊಬ್ಬನಿಗೆ ಯಾರೂ ಕೊಡದ ಒಂದು ಹುದ್ದೆ ಇತ್ತು. ಪಾಠ ಶುರುವಾಗಿ ಐದು ನಿಮಿಷಕ್ಕೆ ಎದ್ದು ನಿಲ್ಲುತ್ತಿದ್ದ.

“ಸಾ, ಕಿಟ್ಕಿ ಮುಚ್ಲಾ?”

“ಯಾಕ್ಲಾ?”

“ಹೊಗೆ ಬತ್ತದೆ ಸಾ.”

ಮುಚ್ಚು ಎನ್ನುತ್ತಿದ್ದೆ. ಹತ್ತು ನಿಮಿಷ ಕಳೆದರೆ ಆ ಕಡೆ ಸಾಲಿನ ಹುಡುಗಿಯರು ಪುಸ್ತಕದಲ್ಲಿ ಗಾಳಿ ಬೀಸಿಕೊಳ್ಳಲು ಶುರು. ಸೆಕೆ ಸಾ. ತೆಗೆಯೋ ಎನ್ನುತ್ತಿದ್ದೆ. ಪೀರಿಯಡ್ಡಿನಲ್ಲಿ ಮೂರು ಸಲವಾದರೂ ಈ ನಾಟಕ. ಪಾಠ ತಪ್ಪಿಸುವ ಉಪಾಯ ಇದು ಎಂದುಕೊಂಡು ಒಂದೆರಡು ಸಲ ಗದರಿದ್ದೂ ಉಂಟು. ಎರಡೂ ಕಡೆಯವರು ಹೇಳುತ್ತಿದ್ದುದು ನಿಜ ಎಂದು ಹೊಳೆದದ್ದು ಒಂದು ಮಧ್ಯಾಹ್ನ, ಬಿಡುವಿನಲ್ಲಿ ಕೂತು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದಾಗ.

ಲೆಕ್ಕ ಹೀಗೆ. ಕೊಠಡಿ ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ, ಹತ್ತಡಿ ಎತ್ತರ. ಅಂದರೆ 4,000 ಘನ ಅಡಿ, ಸುಮಾರು 113 ಘನ ಮೀಟರ್ ಗಾಳಿ. ಅದರಲ್ಲಿ ನಲವತ್ತು ಮಕ್ಕಳು, ಒಬ್ಬ ಮೇಷ್ಟ್ರು. ಸುಮ್ಮನೆ ಕೂತ ಹದಿಹರೆಯದ ಹುಡುಗನೋ ಹುಡುಗಿಯೋ ಗಂಟೆಗೆ 13-14 ಲೀಟರ್ ಇಂಗಾಲದ ಡೈಆಕ್ಸೈಡ್ ಉಸಿರು ಬಿಡುವುದುಂಟು. ಬಾಯಿ ಬಡಿದುಕೊಳ್ಳುವ ಮೇಷ್ಟ್ರದು ಇನ್ನೂ ಸ್ವಲ್ಪ ಹೆಚ್ಚು. ಎಲ್ಲ ಸೇರಿ ಗಂಟೆಗೆ ಸುಮಾರು 560 ಲೀಟರ್. ಹೊರಗಿನ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 420 ಪಾಲಿನ ಆಸುಪಾಸು ಇರುತ್ತದೆ. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದರೆ ಆ 420 ಏರಿ 1,000 ಮುಟ್ಟಲು ಬೇಕಾದದ್ದು ಏಳೇ ನಿಮಿಷ. ನಲವತ್ತು ನಿಮಿಷದ ಪೀರಿಯಡ್ ಮುಗಿಯುವ ಹೊತ್ತಿಗೆ ಮೂರು ಸಾವಿರ ದಾಟಿರುತ್ತದೆ. ನಮ್ಮ ಬಾಗಿಲುಗಳಲ್ಲಿ ಸಂದಿಗೊಂದಿ ಧಾರಾಳವಾಗಿ ಇರುವುದರಿಂದ ನಿಜವಾದ ಅಂಕಿ ಅಷ್ಟಕ್ಕೆ ಹೋಗುವುದಿಲ್ಲ ಅನ್ನಿ. ಹಾಜರಿ ಕರೆಯುವ ಮೇಷ್ಟ್ರಿಗಿಂತ ಬಡಗಿಯ ಅರೆಬರೆ ಕೆಲಸವೇ ಮಕ್ಕಳನ್ನು ಕಾಪಾಡಿದೆ. ಆ 1,000ದ ಒಳಗೇ ನಿಲ್ಲಿಸಬೇಕೆಂದರೆ ಕೊಠಡಿಯ ಅಷ್ಟೂ ಗಾಳಿ ಗಂಟೆಗೆ ಎಂಟೂವರೆ ಸಲ ಹೊರಗೆ ಹೋಗಿ ಹೊಸದು ಬರಬೇಕು.

ಈ ಸಾವಿರದ ಗೆರೆ ಹಳೆಯದು. ಜರ್ಮನಿಯ ಮ್ಯೂನಿಕ್‌ನ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿ, ಮನೆಗಳ, ಶಾಲೆಗಳ ಗಾಳಿ ಅಳೆದು ಹೇಳಿದ್ದು. ಆತನ ಮಾತಿನಲ್ಲಿ ಒಂದು ಸೂಕ್ಷ್ಮವಿದೆ. ಈ ಅನಿಲವೇ ವಿಷವೆಂದು ಆತ ಹೇಳಲಿಲ್ಲ. ಇದು ಇಷ್ಟು ಸೇರಿದೆ ಎಂದರೆ ಕೋಣೆಯಲ್ಲಿರುವವರು ಒಬ್ಬರ ಉಸಿರನ್ನು ಇನ್ನೊಬ್ಬರು ಅಷ್ಟು ಎಳೆದುಕೊಳ್ಳುತ್ತಿದ್ದಾರೆ ಎಂದು ಅರ್ಥ, ಅಷ್ಟೆ. ಎಂಜಲು ತಿನ್ನಬಾರದು ಎಂದು ಮಕ್ಕಳಿಗೆ ಬೈಯುವ ನಾವು ಎಂಜಲು ಗಾಳಿಯ ವಿಚಾರಕ್ಕೆ ತಲೆ ಕೆಡಿಸಿಕೊಂಡವರಲ್ಲ.

ಮುಗ್ಗಿದ ಗಾಳಿಯಲ್ಲಿ ತಲೆ ಓಡುವುದಿಲ್ಲವೇ? 2012ರಲ್ಲಿ ಅಮೆರಿಕದ ಬರ್ಕ್ಲಿ ಪ್ರಯೋಗಾಲಯದವರು 22 ಮಂದಿಯನ್ನು ಕೋಣೆಯಲ್ಲಿ ಕೂರಿಸಿ ಇದೇ ಅನಿಲವನ್ನು 600, 1,000, 2,500 ಪಾಲಿನಲ್ಲಿ ಇಟ್ಟು, ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಅಳೆದರು. ಅನಿಲ ಏರಿದಂತೆ ಅಂಕ ಇಳಿಯಿತು. ನಂತರದ ಪ್ರಯೋಗಗಳೆಲ್ಲ ಅದೇ ಮಾತು ಹೇಳಿಲ್ಲ. ಬರೀ ಅನಿಲದ ತಪ್ಪೋ, ಅದರ ಜೊತೆಗೆ ಸೇರುವ ಸೆಕೆ, ಬೆವರು, ಮುಗ್ಗಲು ವಾಸನೆಗಳ ತಪ್ಪೋ ಎಂಬ ತಗಾದೆ ಉಳಿದಿದೆ. ಊಟವಾದ ಮೇಲಿನ ಮೊದಲ ಪೀರಿಯಡ್ಡಿನಲ್ಲಿ ಸಮಾಜ ವಿಜ್ಞಾನ ಹೇಳಿದವರಿಗೆ ಆ ತಗಾದೆ ತೀರುವ ತನಕ ಕಾಯುವ ಅಗತ್ಯವಿಲ್ಲ.

ಸೋಂಕಿನ ಮಾತು ಬಂದರೆ ಅಷ್ಟು ಅನುಮಾನವೂ ಇಲ್ಲ. ಅಮೆರಿಕದ ವಿಲಿಯಂ ವೆಲ್ಸ್ ಮತ್ತು ಮಿಲ್ಡ್ರೆಡ್ ವೆಲ್ಸ್ ದಂಪತಿ 1930ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾ ಸುತ್ತಿನ ಶಾಲೆಗಳ ಕೊಠಡಿಗಳಲ್ಲಿ ತಲೆಮಟ್ಟಕ್ಕಿಂತ ಮೇಲೆ ನೇರಳಾತೀತ ದೀಪ ಹಾಕಿಸಿದರು. 1941ರಲ್ಲಿ ದಡಾರ ಹಬ್ಬಿದಾಗ ದೀಪವಿದ್ದ ಕೊಠಡಿಗಳ ಮಕ್ಕಳು ಬಹಳಷ್ಟು ಪಾರಾದರು. ರೋಗ ಗಾಳಿಯಲ್ಲಿ ತೇಲಿಕೊಂಡು ಬರುತ್ತದೆ ಎಂಬ ಅವರ ಮಾತು ದಶಕಗಳ ಕಾಲ ಮೂಲೆ ಸೇರಿತ್ತು. 2020ರ ಜುಲೈನಲ್ಲಿ 239 ಮಂದಿ ವಿಜ್ಞಾನಿಗಳು ಒಟ್ಟಾಗಿ ಪತ್ರ ಬರೆದು, ಕೋವಿಡ್ ಕೂಡ ಗಾಳಿಯಲ್ಲಿ ಹರಡುತ್ತದೆ, ಬರೀ ಕೈ ತೊಳೆದರೆ ಸಾಲದು, ಕಿಟಕಿ ತೆಗೆಯಿರಿ ಎನ್ನಬೇಕಾಯಿತು.

ಅದೇ ವರ್ಷ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ಒಂದು ಸೋಜಿಗ ನಡೆದಿತ್ತು. ಅದನ್ನು ಗಾಳಿಯ ಕಣ್ಣಿನಿಂದ ನೋಡಿದವರು ಕಮ್ಮಿ. ಶಾಲೆಗೆ ಬೀಗ, ಆನ್‌ಲೈನ್ ಪಾಠಕ್ಕೆ ಹಳ್ಳಿಯಲ್ಲಿ ಫೋನಿಲ್ಲ, ಫೋನಿದ್ದರೆ ಸಿಗ್ನಲ್ ಇಲ್ಲ. ಶಿಕ್ಷಣ ಇಲಾಖೆ ‘ವಿದ್ಯಾಗಮ’ ಶುರುಮಾಡಿತು. ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಬೇಕು. ಅರಳಿಕಟ್ಟೆ, ದೇವಸ್ಥಾನದ ಜಗಲಿ, ಹೊಂಗೆ ಮರದ ನೆರಳು, ಎಲ್ಲಿ ಜಾಗವಿದೆಯೋ ಅಲ್ಲಿ ಪಾಠ. ಅಕ್ಟೋಬರಿನಲ್ಲಿ ಮೇಷ್ಟ್ರುಗಳಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿಗಳು ಬಂದು ಸರ್ಕಾರ ಅದನ್ನು ನಿಲ್ಲಿಸಿತು. 2021ರ ಜನವರಿಯಲ್ಲಿ ಮತ್ತೆ ಶುರುವಾದಾಗ ಪಾಠ ಶಾಲೆಯ ಆವರಣಕ್ಕೆ ಬಂದಿತ್ತು. ಸರಿಯೋ ತಪ್ಪೋ ಎನ್ನುವ ಜಗಳ ಬೇರೆ. ಇಡೀ ರಾಜ್ಯದ ಹಳ್ಳಿ ಮಕ್ಕಳು ಎರಡು ತಿಂಗಳು ಗೋಡೆಯಿಲ್ಲದ ಕೊಠಡಿಯಲ್ಲಿ ಕೂತಿದ್ದರು. ಬರ್ಲಿನ್ ಪಕ್ಕದ ಷಾರ್ಲೊಟೆನ್‌ಬುರ್ಗ್‌ನಲ್ಲಿ 1904ರಲ್ಲಿ ನಿಶ್ಶಕ್ತ ಮಕ್ಕಳಿಗೆಂದೇ ಕಾಡಿನೊಳಗೆ ತೆರೆದ ಬಯಲು ಶಾಲೆಯ ಬಗ್ಗೆ ಪುಸ್ತಕಗಳಲ್ಲಿ ಓದುತ್ತೇವೆ. ನಮ್ಮ ಕಟ್ಟೆಯ ಶಾಲೆಯ ಬಗ್ಗೆ ಉಳಿದಿರುವುದು ಸುತ್ತೋಲೆಗಳು.

ಕೊಠಡಿಗೆ ಮರಳಿ ಬರೋಣ. ನಾನು ಪ್ರೈಮರಿ ಓದಿದ್ದು ಹೆಂಚಿನ ಶಾಲೆಯಲ್ಲಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಆ ಹೆಂಚು ಘಟ್ಟ ಹತ್ತಿ ನಮ್ಮ ಬಯಲುಸೀಮೆಯ ಶಾಲೆಗಳ ನೆತ್ತಿಗೂ ಬಂದಿತ್ತು. ಮಳೆಗಾಲದಲ್ಲಿ ಸೋರುತ್ತಿತ್ತು, ಕೋತಿ ಕುಣಿದರೆ ಒಡೆಯುತ್ತಿತ್ತು, ಆದರೆ ಉಸಿರಾಡುತ್ತಿತ್ತು. ಬೆಚ್ಚಗಾದ ಗಾಳಿ ಮೇಲೇರಿ ಹೆಂಚಿನ ಸಂದಿಯಲ್ಲಿ ಹೊರಗೆ, ಬಾಗಿಲಿನಿಂದ ತಣ್ಣನೆಯದು ಒಳಗೆ. ಅಜ್ಜಿಯ ಅಡುಗೆಮನೆಯ ಗವಾಕ್ಷಿಯ ಕೆಲಸವೂ ಅದೇ. ಪಕ್ಕದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರದವರು ಹಳ್ಳಿಯ ಹೆಂಗಸರ ಹೊಗೆಗಣ್ಣು ನೋಡಿ ಕೊಳವೆಯಿಟ್ಟು ರೂಪಿಸಿದ ಅಸ್ತ್ರ ಒಲೆಯಲ್ಲೂ ಸೂತ್ರ ಬೇರೆಯಲ್ಲ: ಬಿಸಿಯಾದದ್ದಕ್ಕೆ ಮೇಲೆ ದಾರಿ ಬಿಡು.

ಆರ್‌ಸಿಸಿ ಬಂತು. ಸೋರುವುದು ನಿಂತಿತು (ಎಲ್ಲ ಕಡೆ ಅಲ್ಲ). ಮೇಲಿನ ದಾರಿಯೂ ನಿಂತಿತು. ಗೋಡೆಯ ನೆತ್ತಿಯಲ್ಲಿ ವೆಂಟಿಲೇಟರ್ ಏನೋ ಇಡುತ್ತಾರೆ. ನಮ್ಮ ಶಾಲೆಯಲ್ಲಿ ಪಾರಿವಾಳ ಗೂಡು ಕಟ್ಟುತ್ತವೆಂದು ಅದಕ್ಕೆ ಬಿಸ್ಕತ್ತಿನ ರಟ್ಟು ಬಡಿದಿದ್ದರು. ಹಿಂದಿನ ಕಿಟಕಿಗೆ ಅಡ್ಡವಾಗಿ ಕಬ್ಬಿಣದ ಬೀರು, ಅದರ ಮೇಲೆ ಸ್ಪೋರ್ಟ್ಸ್ ಡೇ ತಮಟೆ. ಇನ್ನೊಂದರ ಕೊಂಡಿ ಮುರಿದು ಸುತಳಿ ಕಟ್ಟಿದ್ದು ಯಾವ ಹೆಡ್ ಮೇಷ್ಟ್ರ ಕಾಲದಲ್ಲೋ. ನಾಲ್ಕು ಕಿಟಕಿಯ ಕೊಠಡಿ ಎಂದು ದಾಖಲೆಯಲ್ಲಿತ್ತು. ತೆರೆಯುತ್ತಿದ್ದದ್ದು ಎರಡು, ಎರಡೂ ಒಂದೇ ಪಕ್ಕದವು. ಒಂದೇ ಪಕ್ಕದಲ್ಲಿ ಎಷ್ಟು ಕಿಟಕಿ ತೆಗೆದರೂ ಗಾಳಿ ಒಳಗೆ ಬಂದು ಇಣುಕಿ ಹಾಗೇ ಹಿಂದಿರುಗುತ್ತದೆ. ದಾಟಿಹೋಗಲು ಎದುರು ಗೋಡೆಯಲ್ಲಿ ಬಾಯಿ ಬೇಕು. 2022ರಲ್ಲಿ ರಾಜ್ಯ ಸರ್ಕಾರ ‘ವಿವೇಕ’ ಹೆಸರಿನಲ್ಲಿ 7,601 ಶಾಲಾ ಕೊಠಡಿ ಕಟ್ಟಲು ಹೊರಟಾಗ ಗೋಡೆಗೆ ಯಾವ ಬಣ್ಣ ಎಂದು ವಾರಗಟ್ಟಲೆ ಜಗಳವಾಯಿತು. ಎದುರುಬದುರು ಕಿಟಕಿ ಇದೆಯೇ ಎಂದು ಯಾರೂ ಕೇಳಿದ ನೆನಪಿಲ್ಲ.

ಸೀಲಿಂಗ್ ಫ್ಯಾನ್ ಇದೆಯಲ್ಲ ಎನ್ನುತ್ತಾರೆ. ಅದು ಬೆವರಾರಿಸುತ್ತದೆ, ಒಳ್ಳೆಯದೇ. ಆದರೆ ಒಂದು ಹನಿ ಹೊಸ ಗಾಳಿ ತರುವುದಿಲ್ಲ. ಇದ್ದ ಮಜ್ಜಿಗೆಯನ್ನೇ ಮತ್ತೆ ಮತ್ತೆ ಕಡೆಯುತ್ತದೆ.

ಇಷ್ಟಾದರೆ ಉತ್ತರ ಸುಲಭ: ಕಿಟಕಿ ತೆಗೆಯಿರಿ. ಪ್ರಪಂಚದ ಬಹುಪಾಲು ಕೈಪಿಡಿಗಳು ಅಲ್ಲಿಗೆ ನಿಲ್ಲುತ್ತವೆ. ಭಾರತೀನಗರದ ಸುತ್ತಮುತ್ತ ಅಲ್ಲಿಂದ ಶುರು.

ಬೆಲ್ಲ ಕಾಯಿಸುವ ಆಲೆಮನೆಯ ಒಲೆಗೆ ಉರುವಲು ಕಬ್ಬಿನ ರಚ್ಚು, ಅಂದರೆ ಗಾಣದಲ್ಲಿ ಹಾಲು ಹಿಂಡಿದ ಮೇಲೆ ಉಳಿದ ಸಿಪ್ಪೆ. ಗಾಣದಿಂದ ಆಗತಾನೆ ಬಂದ ರಚ್ಚಿನಲ್ಲಿ ಅರ್ಧದಷ್ಟು ನೀರು. ಅಂಗಳದಲ್ಲಿ ಹರಡಿ, ಬಿಸಿಲಿಗೆ ತಿರುವಿ, ಗರಿಗರಿ ಒಣಗಿಸಿ ಉರಿಸಿದರೆ ಹೊಗೆ ಕಮ್ಮಿ, ಉರಿ ಜಾಸ್ತಿ. ಮಳೆಗಾಲದಲ್ಲಿ, ಮೋಡ ಮುಸುಕಿದಾಗ ಒಣಗುವುದಿಲ್ಲ. ಹಸಿ ರಚ್ಚು ತುರುಕಿದರೆ ಒಲೆ ಉರಿಯುವ ಬದಲು ಹೊಗೆಯಾಡುತ್ತದೆ. ಕೊಪ್ಪರಿಗೆಯ ಹಾಲು ಕುದಿಯದೆ ಕಾಯುವವನ ತಾಳ್ಮೆ ತಪ್ಪುತ್ತದೆ. ಕೆಲವು ಕಡೆ ಹಳೆ ಟೈರು, ಪ್ಲಾಸ್ಟಿಕ್ಕು ಒಲೆಗೆ ಬೀಳುವುದು ಆಗಲೇ. ಟೈರಿನ ಹೊಗೆ ಕರ್ರಗೆ, ಗಂಟಲಿಗೆ ಗೀರುತ್ತದೆ. ರಚ್ಚಿನದು ಬೆಳ್ಳಗೆ, ಕಣ್ಣಿಗೆ ಹತ್ತುತ್ತದೆ. ನಮ್ಮ ಕಿಟಕಿಯ ಹುಡುಗ ನೋಡದೆಯೇ ಹೇಳಿಬಿಡುತ್ತಿದ್ದ.

ಇದರ ಮೇಲೆ ಗದ್ದೆಯ ಬೆಂಕಿ. ಕಬ್ಬು ಕಡಿದ ಮೇಲೆ ನೆಲದಲ್ಲಿ ಉಳಿಯುವ ತರಗನ್ನು ಎಳೆದು ಸಾಲಿಗೆ ಹಾಕಿಸಲು ಆಳು ಬೇಕು, ಕೂಲಿ ಬೇಕು. ಬೆಂಕಿಕಡ್ಡಿಗೆ ಕೂಲಿ ಕೊಡಬೇಕಿಲ್ಲ. ಅರ್ಧ ಗಂಟೆಯಲ್ಲಿ ಗದ್ದೆ ಚೊಕ್ಕಟ, ಕೂಳೆ ಕಬ್ಬಿಗೆ ನೀರು ಬಿಡಬಹುದು. ತರಗನ್ನು ಮುಚ್ಚಿಗೆಯಾಗಿ ಬಿಟ್ಟರೆ ತೇವ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತಲೇ ಇದ್ದಾರೆ. ನಾಲೆಯ ನೀರು ಬರುವ ದಿನಕ್ಕೆ ಗದ್ದೆ ತಯಾರಿರಬೇಕಾದ ರೈತನಿಗೆ ಕೊಳೆಯುವ ತನಕ ಪುರಸೊತ್ತು ಇರುವುದಿಲ್ಲ. ಕಪ್ಪು ಎಳೆಗಳು ಹಾರಿ ಬಂದು ನೋಟ್‌ಬುಕ್ಕಿನ ಮೇಲೆ ಕೂರುತ್ತವೆ. ಒರೆಸಿದರೆ ಹರಡುತ್ತದೆ, ಊದಬೇಕು. ಇದು ಹುಡುಗಿಯರಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ. ತಿದ್ದಲು ಬಂದ ಎಷ್ಟೋ ಪುಸ್ತಕ ಕೆಡಿಸಿದ್ದೇನೆ.

ಕಣ್ಣಿಗೆ ಕಾಣುವ ಆ ಎಳೆ ದೊಡ್ಡ ಅಪಾಯವಲ್ಲ; ಮೂಗೇ ತಡೆಯುತ್ತದೆ. ಬಿಸಿಲುಕೋಲಿನಲ್ಲಿ ಕುಣಿಯುವ ಸೀಮೆಸುಣ್ಣದ ದೂಳೂ ಬಹುಪಾಲು ಹಾಗೆಯೇ. ಎದೆಯ ಆಳಕ್ಕೆ ಇಳಿಯುವುದು ಪಿಎಂ 2.5 ಎನ್ನುವ, ತಲೆಗೂದಲಿನ ದಪ್ಪದ ಮೂವತ್ತನೇ ಒಂದು ಪಾಲಿಗಿಂತ ಸಣ್ಣ ಕಣ. ಹೊಗೆಯಲ್ಲಿ ತುಂಬಿರುವುದು ಅದೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದಕ್ಕೆ ಹಾಕಿದ ಮಿತಿ ವರ್ಷದ ಸರಾಸರಿ ಘನ ಮೀಟರಿಗೆ 5 ಮೈಕ್ರೊಗ್ರಾಂ. ನಮ್ಮ ದೇಶದ 2009ರ ಮಾನದಂಡ 40. ಈ ಅಂತರವನ್ನು ಪುಪ್ಪುಸಕ್ಕೆ ವಿವರಿಸುವುದು ಹೇಗೋ ತಿಳಿಯದು.

ಹೀಗೆ ಒಂದೇ ಕಿಟಕಿಗೆ ಎರಡು ನ್ಯಾಯ. ಮುಚ್ಚಿದರೆ ಒಳಗಿನ ಉಸಿರು ಕಟ್ಟುತ್ತದೆ, ತೆಗೆದರೆ ಹೊರಗಿನ ಹೊಗೆ ನುಗ್ಗುತ್ತದೆ. ದೆಹಲಿಯಲ್ಲಾದರೆ ಚಳಿಗಾಲದ ಕೆಟ್ಟ ವಾರಗಳಲ್ಲಿ ಶಾಲೆಗೇ ರಜೆ ಕೊಟ್ಟುಬಿಡುತ್ತಾರೆ. ಇಲ್ಲಿ ಅಷ್ಟು ಕೆಡುವುದೂ ಇಲ್ಲ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ.

ನಮ್ಮ ಹೊಗೆಗೆ ಒಂದು ಗುಣವಿದೆ: ಅದಕ್ಕೆ ಹೊತ್ತುಗೊತ್ತು ಇದೆ. ಚಳಿಗಾಲದ ಬೆಳಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ; ಮುಚ್ಚಳ ಹಾಕಿದಂತೆ ಹೊಗೆ ಕಬ್ಬಿನ ಗದ್ದೆಯ ಮೇಲೆ ಮಂಜಿನ ಜೊತೆ ಮಲಗಿರುತ್ತದೆ. ಪ್ರಾರ್ಥನೆಯ ಹೊತ್ತಿಗೆ ಉಸಿರು ಎಳೆದು ‘ಜಯ ಭಾರತ’ ಎಂದರೆ ಹೊಗೆಯೇ ಒಳಗೆ. ಬಿಸಿಲೇರಿ ಹನ್ನೊಂದು ಹನ್ನೊಂದೂವರೆಯಾದರೆ ಮುಚ್ಚಳ ಒಡೆದು ಹೊಗೆ ಮೇಲೇಳುತ್ತದೆ. ಮಧ್ಯಾಹ್ನ ಮೂರಕ್ಕೆ ಹೊರಗಿನ ಗಾಳಿ ಸಾಮಾನ್ಯವಾಗಿ ಎಷ್ಟೋ ವಾಸಿ. ನಾವೋ ಆಗ ಬಿಸಿಲು ಬೀಳುತ್ತದೆಂದು ಕಿಟಕಿ ಎಳೆದಿರುತ್ತೇವೆ. ಅಂದರೆ ಮಾಡಬೇಕಾದ್ದು ಹೀಗೆ: ಬೆಳಗ್ಗೆ ಹೊಗೆಯ ದಿಕ್ಕಿನದನ್ನು ಮಾತ್ರ ಮುಚ್ಚಿ ಎದುರಿನದನ್ನು ಬಿಡುವುದು, ಮಧ್ಯಾಹ್ನ ಎಲ್ಲವನ್ನೂ ತೆಗೆಯುವುದು, ಪ್ರತಿ ಪೀರಿಯಡ್ಡಿನ ಗಂಟೆ ಹೊಡೆದಾಗ ಐದು ನಿಮಿಷ ಕಿಟಕಿ ಬಾಗಿಲು ಹಾರುಹೊಡೆದು ಮಕ್ಕಳನ್ನು ಎದ್ದು ನಿಲ್ಲಿಸುವುದು. ಇಷ್ಟು ಮಾಡಿದರೂ ಆ ಎಂಟೂವರೆ ಸಲದ ಲೆಕ್ಕ ಪೂರ್ತಿ ಸಿಗಲಾರದು, ಅರ್ಧವಾದರೂ ಸಿಗಬಹುದು. ಟೈಂಟೇಬಲ್ಲಿನಲ್ಲಿ ಇದಕ್ಕೊಂದು ಚೌಕ ಬೇಕೆಂದು ಸ್ಟಾಫ್ ಮೀಟಿಂಗಿನಲ್ಲಿ ಕೇಳಿದೆ. ನಕ್ಕರು. ಪಿಟಿ ಮೇಷ್ಟ್ರು ಮಾತ್ರ ಬೀರು ಸರಿಸಲು ಹುಡುಗರನ್ನು ಕಳಿಸಿಕೊಟ್ಟರು.

ಬೀರು ಸರಿದ ದಿನ ಸರಸ್ವತಿ ಫೋಟೊದ ಮುಂದಿನಿಂದ ಒಂದು ಊದುಬತ್ತಿ ತಂದೆ. ಗಾಳಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ತೋರಿಸಲು ಅದಕ್ಕಿಂತ ಅಗ್ಗದ ಯಂತ್ರ ಇಲ್ಲ. ಕೊಠಡಿಯ ನಡುವೆ ಹಿಡಿದರೆ ಹೊಗೆಯ ಎಳೆ ನೆಟ್ಟಗೆ ನಿಂತಿತ್ತು. ಅಂದರೆ ಅಲ್ಲಿ ಗಾಳಿ ಸತ್ತಿದೆ. ಹಿಂದಿನ ಕಿಟಕಿ ತೆಗೆದ ಕೂಡಲೇ ಎಳೆ ಬಾಗಿ, ಮೂರನೇ ಬೆಂಚಿನ ಮೇಲೆ ಹಾದು, ಜಗಲಿ ಬಾಗಿಲಿನಿಂದ ಹೊರಗೆ ಹೋಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ರಟ್ಟು ಕಿತ್ತ ವೆಂಟಿಲೇಟರಿಗೆ ಕೋಳಿಗೂಡಿನ ಜಾಲರಿ ಬಡಿದೆವು. ಪಾರಿವಾಳಕ್ಕೂ ಗಾಳಿಗೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತು. ಒಣ ಪೊರಕೆಯಲ್ಲಿ ಗುಡಿಸುವುದನ್ನು ನಿಲ್ಲಿಸಿ ನೀರು ಚಿಮುಕಿಸಿ ಗುಡಿಸಿ, ಅದೂ ಮಕ್ಕಳು ಹೊರಟ ಮೇಲೆ ಎಂದು ಹೇಳಿದ್ದಕ್ಕೆ ಆಯಾಮ್ಮ ‘ಇದ್ನ ನಮ್ಮವ್ವನೂ ಹೇಳ್ತಿದ್ಲು’ ಎಂದರು.

ಏರ್ ಪ್ಯೂರಿಫೈಯರ್ ಹಾಕಿಸಬಾರದೇ ಎಂದು ಬೆಂಗಳೂರಿನ ಗೆಳೆಯ ಕೇಳಿದ. ಒಳ್ಳೆಯ ಜಾಲರಿಯದಾದರೆ ಸಣ್ಣ ಕಣವನ್ನು ಹಿಡಿಯುತ್ತದೆ, ನಿಜ. ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದಿಲ್ಲ. ಅದನ್ನು ನಂಬಿ ಕಿಟಕಿ ಮುಚ್ಚಿ ಕೂತರೆ ಹೊಗೆಯಿಲ್ಲದ ಮುಗ್ಗು. ಅಮೆರಿಕದ ರಿಚರ್ಡ್ ಕೋರ್ಸಿ ಮತ್ತು ಜಿಮ್ ರೊಸೆಂಥಾಲ್ 2020ರಲ್ಲಿ ನಾಲ್ಕೈದು ಜಾಲರಿಗಳನ್ನು ಪೆಟ್ಟಿಗೆಯಂತೆ ಅಂಟಿಸಿ ಮೇಲೊಂದು ಫ್ಯಾನ್ ಕೂರಿಸಿ ಅಗ್ಗದ ಶೋಧಕ ಮಾಡಿದ್ದರು. ನಮ್ಮ ವಿಜ್ಞಾನ ಮೇಳಕ್ಕೆ ಹೇಳಿ ಮಾಡಿಸಿದ್ದು. ಆದರೆ ಜಾಲರಿ ಕಟ್ಟಿಕೊಂಡಾಗ ಬದಲಿಸುವ ದುಡ್ಡು ಯಾವ ಲೆಕ್ಕದಲ್ಲಿ ಬರಬೇಕು? ಸೀಮೆಸುಣ್ಣದ ಬಿಲ್ಲಿಗೇ ಸಹಿ ಹಾಕಿಸಲು ಅಲೆದವನು ನಾನು.

ಹಗಲಿನ ಕತೆ ಇಷ್ಟಾದರೆ ರಾತ್ರಿಯದು ಬೇರೆ. ಜನವರಿ ಬಂತೆಂದರೆ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಸಂಜೆ ವಿಶೇಷ ತರಗತಿ, ಕೆಲವು ಕಡೆ ರಾತ್ರಿ ಓದು. ಸುತ್ತ ನಾಲೆ, ಗದ್ದೆ, ನಿಂತ ನೀರು. ಆರೂವರೆಗೆ ಸೊಳ್ಳೆಯ ದಂಡು. ಕಿಟಕಿಯೆಲ್ಲ ಮುಚ್ಚಿ ಮೂಲೆಗೊಂದು ಸೊಳ್ಳೆಬತ್ತಿ ಹಚ್ಚುತ್ತಾರೆ. ಒಂದು ಸೊಳ್ಳೆಬತ್ತಿ ಉರಿದು ಮುಗಿಯುವಷ್ಟರಲ್ಲಿ ಬಿಡುವ ಸಣ್ಣ ಕಣ 75ರಿಂದ 137 ಸಿಗರೇಟಿಗೆ ಸಮ ಎಂದು 2003ರಲ್ಲೇ ಸಂಶೋಧಕರು ಅಳೆದಿದ್ದಾರೆ. ಬೀಡಿ ಸೇದಿ ಸಿಕ್ಕಿಬಿದ್ದ ಹುಡುಗನ ಅಪ್ಪನನ್ನು ಕರೆಸಿದ ಅದೇ ಕೊಠಡಿಯಲ್ಲಿ ನಾನೇ ಕೈಯಾರೆ ಎರಡು ಬತ್ತಿ ಹಚ್ಚಿಟ್ಟು ತ್ರಿಕೋನಮಿತಿ ಹೇಳಿಸಿದ್ದೇನೆ. ಕಿಟಕಿಗೆ ಸೊಳ್ಳೆಪರದೆ ಬಡಿಸುವುದು ಎರಡು ದಿನದ ಕೆಲಸ. ಶಾಲಾಭಿವೃದ್ಧಿ ಸಮಿತಿಯವರು ಒಪ್ಪಿದರು, ಒಂದು ಕೊಠಡಿಗೆ ಆಯಿತು.

ಕೊಠಡಿಯೊಳಗೆ ಮಾಡಬಹುದಾದ್ದು ಮುಗಿದ ಮೇಲೆ ಗದ್ದೆಯಾಚೆಯ ಆಲೆಮನೆಗೆ ಹೋದೆ. ಯಜಮಾನರು ಕೂತಿದ್ದರು, ಅವರ ಮೊಮ್ಮಗಳು ನಮ್ಮ ಎಂಟನೇ ತರಗತಿ. ಕೊಪ್ಪರಿಗೆಯಲ್ಲಿ ಹಾಲು ನೊರೆಗಟ್ಟುತ್ತಿತ್ತು. ಹೊಸದಾಗಿ ಒಲೆ ಹಚ್ಚುವಾಗಲೇ ಹೊಗೆ ಹೆಚ್ಚು, ಅದನ್ನು ಪ್ರಾರ್ಥನೆಗೆ ಮೊದಲೇ, ಬೆಳಗಿನ ಜಾವ ಮುಗಿಸಿಕೊಳ್ಳಲು ಆಗುತ್ತದೆಯೇ ಎಂದು ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. ಅಂಗಳದ ರಚ್ಚನ್ನು ಕಾಲಿನಿಂದ ತಿರುವಿ ತೋರಿಸಿದರು. ಮೇಲೆ ಒಣಗಿತ್ತು, ಅಡಿಯಲ್ಲಿ ಕೈಯಿಟ್ಟರೆ ಬೆಚ್ಚಗೆ ಹಸಿ.

“ನೋಡಿ ಮೇಷ್ಟ್ರೇ, ನಾಕು ದಿನದಿಂದ ಮೋಡ. ರಚ್ಚು ಒಣಗ್ಸೋಕೆ ಒಂದು ಶೀಟಿನ ಮಾಡು ಹಾಕಿಸ್ಕೊಟ್ರೆ ಹೊಗೇನ ನಾನು ನೋಡ್ಕತೀನಿ. ಒಣಗಿದ್ದ ಉರುಸ್ದೆ ಹಸೀದ ಉರುಸೋಕೆ ನಂಗೇನು ಹುಚ್ಚಾ?”

ನನ್ನ ಶಾಲೆಯ ಗಾಳಿಗೆ ಅವರ ಅಂಗಳದಲ್ಲಿ ಮಾಡು ಬೇಕು ಎಂಬ ಅರ್ಜಿಯನ್ನು ಯಾವ ಇಲಾಖೆಗೆ ಬರೆಯುವುದು? ಶಿಕ್ಷಣಕ್ಕೋ ಕೃಷಿಗೋ ಮಾಲಿನ್ಯ ಮಂಡಳಿಗೋ? ಪಂಚಾಯಿತಿಗೆ ಬರೆದೆ. ಅತಿಥಿ ಶಿಕ್ಷಕರ ಅವಧಿ ಮಾರ್ಚಿಗೆ ಮುಗಿಯುತ್ತದೆ, ಉತ್ತರಕ್ಕೆ ಕಾಯುವಷ್ಟು ದಿನ ನಾನಲ್ಲಿ ಇರಲಿಲ್ಲ. ಟೈರು ಹಾಕುವುದಿಲ್ಲ ಎಂದು ಮಾತ್ರ ಯಜಮಾನರು ಮೊಮ್ಮಗಳ ತಲೆ ಮುಟ್ಟಿ ಹೇಳಿದರು.

ಕೊನೆಯ ವಾರ ಪಾಠದ ನಡುವೆ ಆ ಹುಡುಗ ಮತ್ತೆ ಎದ್ದ. ಹಿಂದಿನ ಕಿಟಕಿ, ಮುಂದಿನದು, ವೆಂಟಿಲೇಟರು ಎಲ್ಲ ತೆರೆದಿತ್ತು.

“ಏನ್ಲಾ, ಮುಚ್ಬೇಕಾ?”

ಮೂಗು ಹೊರಗೆ ಚಾಚಿ ಒಂದು ಸಲ ಎಳೆದುಕೊಂಡ.

“ಬ್ಯಾಡ ಸಾ. ಹೊಗೆ ಹೋಯ್ತು. ಬೆಲ್ಲ ಇಳುಸ್ತಾವ್ರೆ.”